ಏನೂ ನೆಡದ ಅಕ್ಕೋರು

ಅಕ್ಕೋರು ತೀರಿಕೊಂಡ ಮೂರನೆಯ ದಿನ ಪತ್ರಿಕೆಯೊಂದರ ಒಳಪುಟದಲ್ಲಿ ಅವರ ಸಣ್ಣ ಫೋಟೊ ಬಂತು. ಕೆಳಗೆ ನಾಲ್ಕು ಸಾಲು. ‘ತಮ್ಮ ಸೇವಾವಧಿಯಲ್ಲಿ ಸಾವಿರಾರು ಸಸಿಗಳನ್ನು ನೆಟ್ಟು ಪೋಷಿಸಿದ ಪರಿಸರಪ್ರೇಮಿ ಶಿಕ್ಷಕಿ’ ಎಂದು ಬರೆದಿದ್ದರು. ಸ್ಟಾಫ್ ರೂಮಿನಲ್ಲಿ ಕುಳಿತು ಅದನ್ನು ಓದಿದ ನಾನು ಜೋರಾಗಿ ನಕ್ಕುಬಿಟ್ಟೆ. ಹೊಸದಾಗಿ ಬಂದಿದ್ದ ಗಣಿತದ ಟೀಚರು ಗಾಬರಿಯಿಂದ ನನ್ನ ಮುಖ ನೋಡಿದರು. ಸಾವಿನ ಸುದ್ದಿ ಓದಿ ನಗುವವನು ಎಂಥ ಮನುಷ್ಯ ಎಂದು ಅವರಿಗೆ ಅನ್ನಿಸಿರಬೇಕು. ಅವರಿಗೆ ಹೇಗೆ ಹೇಳುವುದು? ದೇವದುರ್ಗ ತಾಲ್ಲೂಕಿನ ಈ ಹಳ್ಳಿಯ ಶಾಲೆಯಲ್ಲಿ ನಾನು ಕನ್ನಡಕ್ಕೆ, ಅಕ್ಕೋರು ವಿಜ್ಞಾನಕ್ಕೆ, ಹೀಗೆ ಹನ್ನೊಂದು ವರ್ಷ ಒಟ್ಟಿಗೆ ಕೆಲಸ ಮಾಡಿದವರು. ಆ ಹನ್ನೊಂದು ವರ್ಷದಲ್ಲಿ ಅವರು ಒಂದೇ ಒಂದು ಸಸಿ ನೆಟ್ಟಿದ್ದನ್ನು ನಾನು ಕಂಡಿಲ್ಲ.

ನೆಡುವವರನ್ನು ಕಂಡರೆ ಅವರಿಗೆ ಆಗುತ್ತಲೂ ಇರಲಿಲ್ಲ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ನಮ್ಮ ಶಾಲೆಯಲ್ಲಿ ಪರಿಸರ ದಿನ ಆಗುತ್ತದೆ. ದೇವದುರ್ಗದಿಂದ ಯಾರಾದರೊಬ್ಬ ಅತಿಥಿ ಬರುತ್ತಾರೆ. ಗೇಟಿನ ಬಲಕ್ಕೆ ಐದು ಕುಣಿಗಳಿವೆ. ಆ ಐದರಲ್ಲಿ ಐದು ಸಸಿ ನೆಟ್ಟು, ಫೋಟೊ ತೆಗೆಸಿಕೊಂಡು, ಉಪ್ಪಿಟ್ಟು ತಿಂದು ಹೋಗುತ್ತಾರೆ. ಮುಂದಿನ ಜೂನ್ ಬರುವ ಹೊತ್ತಿಗೆ ಕುಣಿಗಳು ಖಾಲಿಯಾಗಿ ಹೊಸ ಅತಿಥಿಗೆ ಸಿದ್ಧವಾಗಿರುತ್ತವೆ. ನಾನು ಸೇರಿದ ವರ್ಷ ಅಕ್ಕೋರು ಆ ಕುಣಿಗಳನ್ನು ನನಗೆ ತೋರಿಸಿ, “ಕನ್ನಡ ಸರ, ವರ್ಷಾ ವರ್ಷಾ ತೋಡಿ ತೋಡಿ ಇವು ಎಷ್ಟು ಆಳಾಗ್ಯಾವ ನೋಡ್ರಿ. ಇನ್ನೊಂದೆರಡು ಪರಿಸರ ದಿನ ಆದ್ರ ನೀರು ಬೀಳ್ತದ” ಎಂದಿದ್ದರು. ಮುಖದಲ್ಲಿ ನಗು ಇರಲಿಲ್ಲ. ಅವರು ತಮಾಷೆ ಮಾಡುವಾಗ ಮುಖ ಇನ್ನಷ್ಟು ಬಿಗಿಯಾಗುತ್ತಿತ್ತು.

ರಾಯಚೂರಿನ ಹಳೆಯ ವೈಷ್ಣವ ಮನೆತನದ ಹೆಣ್ಣುಮಗಳು. ಮದುವೆಯಾಗಿರಲಿಲ್ಲ. ಅಲ್ಲೇ ತಂಗಿಯ ಮನೆಯಲ್ಲಿದ್ದುಕೊಂಡು ದಿನಾ ಬೆಳಗಿನ ಮೊದಲ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಅವರಿಗೊಂದು ಹೆಸರಿತ್ತು, ಆದರೆ ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಅದರ ಬಳಕೆ ಇರಲಿಲ್ಲ. ಹುಡುಗರಿಗೆ, ಊರಿಗೆ, ಬಸ್ಸಿನ ಕಂಡಕ್ಟರಿಗೆ, ಎಲ್ಲರಿಗೂ ಅಕ್ಕೋರೇ. ತೆಳ್ಳಗೆ, ಎತ್ತರಕ್ಕೆ, ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆಯುವಾಗ ಕಣ್ಣು ಸದಾ ನೆಲದ ಮೇಲೆ. ಊರಿನ ಹೆಂಗಸರು ಮೊದಮೊದಲು, ಅಕ್ಕೋರದು ಏನೋ ಕಳೆದಿದೆ, ಹುಡುಕುತ್ತಿದ್ದಾರೆ ಎಂದುಕೊಂಡಿದ್ದರಂತೆ.

ಅವರಿಗಿದ್ದದ್ದು ಒಂದೇ ಪಾಠ. ಹತ್ತನೆಯ ತರಗತಿಗೆ ಬೆಳಕಿನ ಪ್ರತಿಫಲನ ಹೇಳುತ್ತ ಹೇಳುತ್ತ ಹೇಗೋ ಅಲ್ಲಿಗೇ ಬಂದುಬಿಡುತ್ತಿದ್ದರು. “ನೆಲದ ಮ್ಯಾಲೆ ಜೀವ ಕುಂತದ ಅಂತ ತಿಳ್ಕೊಂಡೀರಿ. ಖಾಟ್ ಮ್ಯಾಲೆ ಮನಷ್ಯಾ ಕುಂತಂಗ ಅಲ್ಲ ಅದು. ನೆಲ ಜೀವಾ ಹಡೀತದ, ಜೀವ ನೆಲಾ ಹಡೀತದ. ಯಾರು ತಾಯಿ, ಯಾರು ಮಗಳು ಅಂತ ಕೇಳಬ್ಯಾಡ್ರಿ. ಪರೀಕ್ಷಾದಾಗ ಬರಂಗಿಲ್ಲ.”

ಒಮ್ಮೆ ಮಕ್ಕಳನ್ನು ನಮ್ಮ ತಾಲ್ಲೂಕಿನದೇ ಗೂಗಲ್ ಎಂಬ ಊರಿಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಮಪ್ರಭುವಿನ ಗುಡಿ ನೋಡಿ, ಬುತ್ತಿ ಬಿಚ್ಚಿ ಉಂಡು, ಕೃಷ್ಣೆಯ ದಂಡೆಯಲ್ಲಿ ಕುಳಿತಾಗ ಅಕ್ಕೋರು ಶುರು ಮಾಡಿದರು. ಗಿಡಗಂಟಿ ಹುಟ್ಟುವ ಮೊದಲು ಭೂಮಿಯ ಮೇಲೆ ಹೊಳೆಗಳಿಗೆ ಇಂಥ ದಂಡೆಯೇ ಇರಲಿಲ್ಲ, ಮಳೆಯ ನೀರು ಮನಸ್ಸಿಗೆ ಬಂದಲ್ಲೆಲ್ಲ ಚೆಲ್ಲಾಡಿ ಹರಿಯುತ್ತಿತ್ತು. ಬೇರುಗಳು ಬಂದು ಮಣ್ಣನ್ನು ಹಿಡಿದ ಮೇಲೆಯೇ ಹೊಳೆಗಳು ಹೀಗೆ ಒಂದು ಹಾದಿ ಹಿಡಿದು ಬಳಸಿ ಬಳಸಿ ಹರಿಯಲು ಕಲಿತದ್ದು ಎಂದರು. ಪಕ್ಕದಲ್ಲೇ ಕುಳಿತು ಕೇಳುತ್ತಿದ್ದ ಒಬ್ಬ ಮುದುಕರಿಗೆ ತಡೆಯಲಾಗಲಿಲ್ಲ.

“ಯವ್ವಾ, ಹೊಳಿ ಮಾಡಿದಾತ ದೇವರು. ಹುಡುಗರಿಗೆ ಏನರ ಹೇಳಬ್ಯಾಡ.”

“ಹೌದ್ರಿ ಯಪ್ಪಾ, ದೇವರ ಮಾಡ್ಯಾನ” ಎಂದರು ಅಕ್ಕೋರು. “ಹುಲ್ಲಿನ ಕೈಲೆ ಮಾಡಿಸ್ಯಾನ.”

ಮುದುಕರು ಸ್ವಲ್ಪ ಹೊತ್ತು ಯೋಚಿಸಿ, ಇರಬಹುದು ಎಂಬಂತೆ ತಲೆಯಾಡಿಸಿದರು.

ಎಲ್ಲರೂ ಹಾಗೆ ತಲೆಯಾಡಿಸುತ್ತಿರಲಿಲ್ಲ. ನನ್ನ ಊರು ಮಾನ್ವಿ. ನನ್ನ ತಂಗಿಯನ್ನು ಬಾಗಲವಾಡಕ್ಕೆ ಕೊಟ್ಟಿದ್ದೇವೆ. ಮದುವೆ ವರನ ಊರಿನಲ್ಲೇ ಆಯಿತು, ಅಕ್ಕೋರೂ ಬಂದಿದ್ದರು. ಅಕ್ಷತೆ ಬಿದ್ದ ಮೇಲೆ ಊಟದ ಹೊತ್ತಿಗೆ ಅವರು ಕಾಣಲಿಲ್ಲ. ನೋಡಿದರೆ ಮದುವೆಯ ಚಪ್ಪರದ ಹಿಂದಿನ ಭತ್ತದ ಗದ್ದೆಯಲ್ಲಿ ರೇಷ್ಮೆ ಸೀರೆ ಎತ್ತಿ ಕಟ್ಟಿ ನಿಂತಿದ್ದಾರೆ. ಬದುವಿನ ಮೇಲಿನ ಬಿಳಿ ಪುಡಿಯನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿಕೊಂಡರು. ಆಮೇಲೆ ಅಲ್ಲಿದ್ದವರಿಗೆಲ್ಲ ಕೇಳುವಂತೆ, “ಈ ಹೊಲ ಯಾರದ್ರೀ? ಸವಳಾಗಾಕತ್ತದ. ಇನ್ನ ನಾಕೈದು ವರ್ಷ ಹಿಂಗ ನೀರು ನಿಲ್ಲಿಸಿದ್ರ ಇಲ್ಲಿ ಉಪ್ಪು ಬೆಳೀಬೇಕಾಗ್ತದ” ಎಂದರು. ಹೊಲ ನನ್ನ ತಂಗಿಯ ಮಾವನದು. ಅವರು ಅಲ್ಲೇ ನಿಂತಿದ್ದರು. ಬೀಗರ ಮುಂದೆ ನನ್ನ ಅಪ್ಪನ ಮುಖ ಹೇಗಾಯಿತು ಎಂಬುದನ್ನು ಬರೆಯಲಾರೆ. ಮರುದಿನ ಮಾವ ಗುಟ್ಟಾಗಿ ನನಗೆ ಫೋನ್ ಮಾಡಿ, ನಿಮ್ಮ ಅಕ್ಕೋರನ್ನು ಕೇಳು, ಏನು ಮಾಡಬೇಕಂತೆ ಎಂದರು. ಎರಡು ವರ್ಷ ಭತ್ತ ಬಿಡಬೇಕು, ನೀರು ಹೊರಗೆ ಹೋಗಲು ಕಾಲುವೆ ತೆಗೆಯಬೇಕು, ಹಸಿರು ಗೊಬ್ಬರದ ಬೆಳೆ ಬೆಳೆದು ಮಣ್ಣಿಗೇ ಮುರಿಯಬೇಕು ಎಂದು ಅಕ್ಕೋರು ಹೇಳಿದರು. ಮಾವನಿಗೆ ಅದು ತುಂಬ ಒಪ್ಪಿಗೆಯಾಯಿತು. ಆ ವರ್ಷವೂ ಭತ್ತವನ್ನೇ ಹಾಕಿದರು.

ಇನ್ನು ಬಂಡೆಯ ವಿಷಯ. ನಮ್ಮ ಶಾಲೆಯ ಹಿಂದೆ ಒಂದು ದೊಡ್ಡ ಹಾಸುಬಂಡೆ ಇದೆ, ಸಣ್ಣ ಅಂಗಳದಷ್ಟು ಅಗಲ. ನಾನು ಸೇರಿದ ಮರುವರ್ಷ ಅಕ್ಕೋರು ಅದರ ಒಂದು ಮೂಲೆಯನ್ನು ಕಸಬರಿಗೆಯಿಂದ ಗುಡಿಸಿ, ಕೊಡಗಟ್ಟಲೆ ನೀರು ಸುರಿದು ತಿಕ್ಕಿ ತೊಳೆದು, ಸುತ್ತ ಜಾಲಿ ಮುಳ್ಳಿನ ಬೇಲಿ ಹಾಕಿಸಿದರು. ಏನೋ ವ್ರತ ಹಿಡಿದಿದ್ದಾರೆ ಎಂದು ಊರು ತಿಳಿಯಿತು. ಹೆಡ್ ಮಾಸ್ಟರು ಓಡಿ ಬಂದರು.

“ಅಕ್ಕೋರ, ಇಲ್ಲಿ ಯಾವ ಗಿಡ ಹಚ್ಚೋರು?”

“ಏನೂ ಇಲ್ರಿ.”

“ಮತ್ತ ಬೇಲಿ?”

“ಯಾರೂ ಏನೂ ಹಚ್ಚಬಾರದು ಅಂತ.”

ಬರಿ ಕಲ್ಲಿನ ಮೇಲೆ, ಮನುಷ್ಯರ ಕೈ ತಾಕದೆ, ಜೀವ ತಾನಾಗಿ ಹೇಗೆ ಬಂದು ಕೂರುತ್ತದೆ, ಕೂತ ಮೇಲೆ ಕಲ್ಲನ್ನು ಏನು ಮಾಡುತ್ತದೆ ಎಂದು ನೋಡುವುದು ಅವರ ಉದ್ದೇಶ. ಬಂಡೆಯ ಬಿರುಕಿನಲ್ಲಿ ಒಂದು ಕಬ್ಬಿಣದ ಮೊಳೆ ನಿಲ್ಲಿಸಿ, ಅದರ ಬುಡದಲ್ಲಿ ಎಷ್ಟು ಮಣ್ಣು ಕೂಡಿತು ಎಂದು ತಿಂಗಳಿಗೊಮ್ಮೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ದಿನಾ ಪ್ರಾರ್ಥನೆಯಾದ ಮೇಲೆ ಬೇಲಿಯ ಹತ್ತಿರ ಎರಡು ನಿಮಿಷ ಸುಮ್ಮನೆ ನಿಂತು ನೋಡಿ, ಕಂಡದ್ದನ್ನು ಅದರಲ್ಲೇ ಒಂದು ಸಾಲು ಬರೆಯುವುದು ರೂಢಿ.

ಮೊದಲ ಮಳೆಗಾಲದಲ್ಲಿ ಕಲ್ಲಿನ ಮೇಲೆ ಕಪ್ಪು ಕಲೆ ಬಿತ್ತು. ಎರಡನೆಯ ವರ್ಷ ಬಿರುಕಿನಲ್ಲಿ ಪಾಚಿ. ನಂತರ ಗರಿಕೆ, ಒಂದು ತುಂಬೆ ಗಿಡ, ಯಾವ ಹಕ್ಕಿಯೋ ಉಗುಳಿದ ಬೀಜದಿಂದ ಒಂದು ಬೇವಿನ ಸಸಿ. ಏಳು ವರ್ಷವಾಗುವ ಹೊತ್ತಿಗೆ ಮೊಳೆಯ ಬುಡದಲ್ಲಿ ಎರಡು ಬೆರಳು ದಪ್ಪದ ಕರಿಮಣ್ಣು ನಿಂತಿತ್ತು. ಅಕ್ಕೋರಿಗೆ ಸಂತೋಷವೂ ಆಗಿತ್ತು, ಅನುಮಾನವೂ ಬಂದಿತ್ತು. “ಒಂದು ಬೆರಳು ಮಣ್ಣಾಗಾಕ ನೂರಾರು ವರ್ಷ ಬೇಕಂತ ಪುಸ್ತಕದಾಗ ಅದ, ಸರ. ನಮ್ಮ ಕಲ್ಲು ಪುಸ್ತಕ ಓದಿಲ್ಲ, ಪಾಪ” ಎಂದು ಮುಖ ಬಿಗಿಮಾಡಿಕೊಂಡೇ ಹೇಳಿದರು. ಆದರೂ ರಾಯಚೂರಿನಲ್ಲಿ ನಡೆಯಲಿದ್ದ ವಿಜ್ಞಾನ ಶಿಕ್ಷಕರ ಸಭೆಯಲ್ಲಿ ಇದನ್ನು ಹೇಳಲು ಹೆಸರು ಕೊಟ್ಟು, ದೊಡ್ಡ ಹಾಳೆಯ ಮೇಲೆ ಚಾರ್ಟ್ ಬರೆದರು.

ಸಭೆಗೆ ಒಂದು ವಾರ ಇತ್ತು. ತೋರಿಸಲು ಬೇಕೆಂದು ಸ್ವಲ್ಪ ಮಣ್ಣು ತೆಗೆದು ಸ್ಟಾಫ್ ರೂಮಿನ ಮೇಜಿನ ಮೇಲೆ ಜರಡಿ ಹಿಡಿದರು. ಜರಡಿಯಲ್ಲಿ ಉಳಿದದ್ದನ್ನು ಕಡ್ಡಿಯಿಂದ ಸರಿಸುತ್ತ ಹೋದಂತೆ ಅವರ ಕೈ ನಿಧಾನವಾಯಿತು. ಒಂದಿಷ್ಟು ಸಾಸಿವೆ. ಕರಿಬೇವಿನ ಕಡ್ಡಿ. ಬಿಳಿ ಚೂರುಗಳು.

“ಸರ, ಇದು ಏನಂತೀರಿ?”

“ತತ್ತಿ ಸಿಪ್ಪಿ ಕಂಡಂಗ ಕಾಣ್ತದ್ರಿ.”

“ಕಲ್ಲು ತತ್ತಿ ಇಡಂಗಿಲ್ಲಲ್ಲ” ಎಂದರು ಅಕ್ಕೋರು.

ಶಾಲೆಯಲ್ಲಿ ತತ್ತಿಯ ಒಡನಾಟವಿದ್ದದ್ದು ಬಿಸಿಯೂಟಕ್ಕೆ ಮಾತ್ರ. ಬಿಸಿಯೂಟ ಎಂದರೆ ಹುಲಿಗೆಮ್ಮ. ನಮ್ಮದು ಸಣ್ಣ ಶಾಲೆ, ಅಡುಗೆಗೆ ಆಕೆ ಒಬ್ಬಳೇ. ಐವತ್ತು ದಾಟಿದ ಗಟ್ಟಿ ಹೆಂಗಸು. ಮನೆ ಶಾಲೆಯ ಕಾಂಪೌಂಡಿನ ಆಚೆಗೇ. ಅಡುಗೆ ಕೋಣೆಯಿಂದ ಬಂಡೆಯ ಬೇಲಿಗೆ ಹತ್ತು ಹೆಜ್ಜೆ. ಮಕ್ಕಳಿಗೆ ಬಡಿಸುವ ಮೊದಲು ಯಾರಾದರೊಬ್ಬ ಶಿಕ್ಷಕರು ರುಚಿ ನೋಡಿ ಪುಸ್ತಕದಲ್ಲಿ ಬರೆಯಬೇಕೆಂಬ ನಿಯಮವಿದೆ. ಆ ಕೆಲಸ ಅಕ್ಕೋರದು. ದಿನಾ ಒಂದು ಚಮಚ ಸಾರು ನಾಲಿಗೆಗೆ ಹಾಕಿಕೊಂಡು ‘ರುಚಿ ಚೆನ್ನಾಗಿದೆ’ ಎಂದು ಬರೆದು ಸಹಿ ಮಾಡಿ ಹೋಗುತ್ತಿದ್ದರು. ಆಮೇಲೆ ತಮ್ಮ ಡಬ್ಬಿ ಬಿಚ್ಚುತ್ತಿದ್ದರು. ಅವರಿಬ್ಬರ ನಡುವೆ ಇದ್ದದ್ದು ಆ ಒಂದು ಚಮಚ.

ಮರುದಿನ ಮೊದಲ ಬಸ್ಸಿಗೆ ಬಂದ ಅಕ್ಕೋರು ಹಿಂದಿನ ಬಾಗಿಲಲ್ಲಿ ನಿಂತರು. ನಾನೂ ಇದ್ದೆ. ಹುಲಿಗೆಮ್ಮ ಅಕ್ಕಿ ತೊಳೆದಳು. ಬಕೆಟ್ಟಿನ ನೀರು ಎತ್ತಿಕೊಂಡು ಹತ್ತು ಹೆಜ್ಜೆ ನಡೆದು ಬೇಲಿಯ ಮೇಲಿಂದ ಒಳಗೆ ಸುರಿದಳು. ಹಿಂದೆಯೇ ಸಣ್ಣಗೆ ಕೊಚ್ಚಿದ ಕಾಯಿಪಲ್ಲೆಯ ಸಿಪ್ಪೆ, ಒಲೆಯ ಬೂದಿ, ಗುಡಿಸಿದ ಕಸ. ಬಹಳ ಅಚ್ಚುಕಟ್ಟಾಗಿ, ಎಲ್ಲ ಕಡೆಗೂ ಸಮನಾಗಿ, ಗರಿಕೆಯ ಸಂದಿಯಲ್ಲಿ ಸೇರಿ ಕಾಣದಂತೆ.

“ಏನು ಮಾಡಾಕತ್ತೀರಿ ಅದು?” ಎಂದರು ಅಕ್ಕೋರು.

ಹುಲಿಗೆಮ್ಮ ತಿರುಗಿ ನಕ್ಕಳು. “ಏನಿಲ್ರಿ ಅಕ್ಕೋರ. ದಿನಾ ಬಂದು ನಿಂತು ನೋಡ್ತಿದ್ರಿ, ಏನೂ ಬೆಳೀತಿರಲಿಲ್ಲ. ನೋಡಾಕಾಗಲಿಲ್ಲ. ಅದಕ್ಕ ಮೊದಲಿಂದಾನೂ ಇಷ್ಟಿಷ್ಟು ಹಾಕ್ಕೋಂತ ಬಂದೀನ್ರಿ. ಈಗ ನೋಡ್ರಿ, ಹ್ಯಾಂಗ ಹಸರಾಗ್ಯದ.”

“ನಿನಗ ಬುದ್ಧಿ ಅದನ?” ಎಂದುಬಿಟ್ಟರು ಅಕ್ಕೋರು. ಅದುವರೆಗೆ ಒಂದು ದಿನವೂ ಅವರು ಹುಲಿಗೆಮ್ಮನಿಗೆ ಏಕವಚನದಲ್ಲಿ ಮಾತಾಡಿದವರಲ್ಲ. “ಏಳು ವರ್ಷ! ಏಳು ವರ್ಷದ ಕೆಲಸ ಹಾಳು ಮಾಡಿದಿ. ಓದು ಬರಹ ಇಲ್ಲದೋರು ಇದ್ದಲ್ಲಿ ಹಿಂಗ ಆಗೋದು.”

ಅಷ್ಟರಲ್ಲಿ ಪ್ರಾರ್ಥನೆಗೆಂದು ಬಂದ ಹುಡುಗಿಯರ ಒಂದು ಸಾಲು ಅಲ್ಲಿ ನಿಂತಿತ್ತು. ಹುಲಿಗೆಮ್ಮ ಅವರನ್ನು ನೋಡಿದಳು, ಬಕೆಟ್ಟನ್ನು ಸದ್ದಾಗದಂತೆ ಕೆಳಗಿಟ್ಟಳು. “ಆತ್ ಬಿಡ್ರಿ” ಎಂದು ಸೆರಗಿಗೆ ಕೈ ಒರೆಸಿಕೊಂಡು ಮನೆಗೆ ಹೋದಳು. ಅಂದು ಒಲೆ ಹೊತ್ತಲಿಲ್ಲ.

ಆಕೆ ಮೂರು ದಿನ ಬರಲಿಲ್ಲ. ಶಿಕ್ಷಕರೇ ಅಡುಗೆ ಮಾಡಬೇಕಾಯಿತು. ಅಕ್ಕೋರು ಹಟ ಹಿಡಿದು ತಾವೇ ಸಾರು ಮಾಡಿದರು. ನೂರು ಮಂದಿಗೆ ಸಾರು ಮಾಡುವುದು ಪ್ರತಿಫಲನದ ನಿಯಮದಷ್ಟು ಸುಲಭವಲ್ಲ. ಮಕ್ಕಳು ಒಂದು ತುತ್ತು ಬಾಯಿಗಿಟ್ಟು ಒಬ್ಬರ ಮುಖ ಒಬ್ಬರು ನೋಡಿದರು. ಅಕ್ಕೋರು ಒಂದು ಚಮಚ ಕುಡಿದು, ಪುಸ್ತಕ ತೆಗೆದು, ‘ರುಚಿ ಚೆನ್ನಾಗಿಲ್ಲ’ ಎಂದು ಬರೆದು ಸಹಿ ಮಾಡಿದರು. ಆ ಪುಸ್ತಕದ ಚರಿತ್ರೆಯಲ್ಲಿ ಅಂಥ ಮಾತು ಅದೊಂದೇ. ಹೆಡ್ ಮಾಸ್ಟರು, “ಇದು ಮ್ಯಾಲಿನವರು ನೋಡಿದ್ರ ನನ್ನ ನೌಕ್ರಿಗೆ ಬರ್ತದ, ಅಕ್ಕೋರ” ಎಂದು ಗೋಗರೆದರು. ಅಕ್ಕೋರು ತಿದ್ದಲಿಲ್ಲ. ನಾಲ್ಕನೆಯ ದಿನ ಹೆಡ್ ಮಾಸ್ಟರೇ ಹುಲಿಗೆಮ್ಮನ ಮನೆಗೆ ಹೋಗಿ ಕರೆದುಕೊಂಡು ಬಂದರು. ಆಕೆ ಬಂದಳು, ಅಡುಗೆ ಮಾಡಿದಳು, ರುಚಿಗೆ ಚಮಚ ಕೊಡುವಾಗ ಅಕ್ಕೋರ ಕಡೆ ನೋಡಲಿಲ್ಲ.

ರಾಯಚೂರಿನ ಸಭೆಗೆ ಹೋಗುವುದು ಬೇಡವೆಂದು ನಾನು ಹೇಳಿದೆ. “ಹೆಸರು ಕೊಟ್ಟೀನಲ್ಲ” ಎಂದರು. ನಾನೂ ಜೊತೆಗೆ ಹೋದೆ. ವೇದಿಕೆಯ ಮೇಲೆ ಚಾರ್ಟು ಬಿಚ್ಚಿದರು. ‘ಬರಿ ಬಂಡೆಯಿಂದ ಮಣ್ಣು’ ಎಂಬ ಶೀರ್ಷಿಕೆಯ ಮೇಲೆ ಆಗಲೇ ಕೆಂಪು ಗೆರೆ ಎಳೆದಿದ್ದರು.

“ಈ ಎರಡು ಬೆರಳು ಮಣ್ಣು ಕಲ್ಲು ಮಾಡಿದ್ದಲ್ಲ, ಕಾಲ ಮಾಡಿದ್ದಲ್ಲ” ಎಂದರು. “ನಮ್ಮ ಸಾಲಿಯೊಳಗ ಅಡಗಿ ಮಾಡೋ ಹುಲಿಗೆಮ್ಮ ಅಂತ ಇದ್ದಾರ. ಅವರು ಮಾಡಿದ್ದು. ನಂದು ಇದರಾಗ ಬೇಲಿ ಅಷ್ಟ. ನನ್ನ ಪ್ರಯೋಗ ಕೆಟ್ಟದ.”

ಸಭೆ ಚಪ್ಪಾಳೆ ತಟ್ಟಿತು. ಅಕ್ಕೋರಿಗೆ ಅರ್ಥವಾಗಲಿಲ್ಲ. “ನಾ ಖರೇನ ಹೇಳಾಕತ್ತೀನಿ, ಕೆಟ್ಟದ” ಎಂದರು. ಚಪ್ಪಾಳೆ ಇನ್ನೂ ಜೋರಾಯಿತು. ಅಧ್ಯಕ್ಷತೆ ವಹಿಸಿದ್ದ ಹಿರಿಯರು ಎದ್ದು ನಿಂತು, ಇಂಥ ವಿನಯ ಇಂದಿನ ದಿನಗಳಲ್ಲಿ ಅಪರೂಪ, ತಮ್ಮ ಸಾಧನೆಯನ್ನು ಅಡುಗೆಯವರಿಗೆ ಅರ್ಪಿಸಿದ ದೊಡ್ಡ ಮನಸ್ಸು ಎಂದು ಕಣ್ಣು ಒದ್ದೆ ಮಾಡಿಕೊಂಡರು. ಎರಡು ತಿಂಗಳಲ್ಲಿ ‘ಅಡುಗೆ ತ್ಯಾಜ್ಯದಿಂದ ಫಲವತ್ತಾದ ಮಣ್ಣು’ ಎಂಬ ಪ್ರಯೋಗಕ್ಕಾಗಿ ಅಕ್ಕೋರಿಗೆ ಶಾಲು, ಪ್ರಮಾಣಪತ್ರ ಬಂದವು. ಬೆನ್ನಿಗೇ ಒಂದು ಸುತ್ತೋಲೆಯೂ ಹೊರಟಿತು: ಪ್ರತಿ ಶಾಲೆಯೂ ಬಂಡೆಯ ಮೇಲೆ ಬೇಲಿ ಹಾಕಿ ಇದೇ ಮಾದರಿ ಅನುಸರಿಸಬೇಕು. ಮಾನ್ವಿಯ ಕಡೆಯ ಒಬ್ಬ ಹೆಡ್ ಮಾಸ್ಟರು, ನನ್ನ ಗೆಳೆಯರು, ಕಂಗಾಲಾಗಿ ಫೋನ್ ಮಾಡಿದರು. “ಸರ, ನಮ್ಮಲ್ಲಿ ಎರಡಾಳು ತೋಡಿದ್ರೂ ಕರಿಮಣ್ಣ. ಬಂಡಿಗಲ್ಲು ಎಲ್ಲಿಂದ ತರಬೇಕ್ರೀ?”

ಶಾಲು ಬಂದ ದಿನ ಸಂಜೆ ಅಕ್ಕೋರು ಬಸ್ಸಿಗೆ ಹೋಗಲಿಲ್ಲ. “ಬರ್ರಿ ಸರ, ಜೋಡಿ ಬರ್ರಿ” ಎಂದು ಹುಲಿಗೆಮ್ಮನ ಮನೆಗೆ ನಡೆದರು. ಆಕೆ ಕಟ್ಟೆಯ ಮೇಲೆ ಪುಂಡಿಪಲ್ಲೆ ಬಿಡಿಸುತ್ತ ಕೂತಿದ್ದಳು. ಅಕ್ಕೋರು ಶಾಲನ್ನು ಆಕೆಯ ಪಕ್ಕದಲ್ಲಿಟ್ಟರು.

“ಇದು ನಿಮ್ಮದು.”

“ನನಗ್ಯಾಕ್ರೀ ಶಾಲು? ಒಲಿ ಮುಂದ ಕುಂತಾಕಿಗೆ ಶಾಲು ಹೊದ್ದಿಸಿದ್ರ ಊರು ನಗ್ತದ.”

“ಅವತ್ತ ಅನ್ನಬಾರದ ಮಾತು ಅಂದೆ. ತಪ್ಪಾತು.”

ಹುಲಿಗೆಮ್ಮ ಎಲೆ ಬಿಡಿಸುವುದನ್ನು ನಿಲ್ಲಿಸಲಿಲ್ಲ. “ಓದು ಬರಂಗಿಲ್ಲ ಅಂದ್ರಿ. ಖರೇ ಅದ, ಬರಂಗಿಲ್ಲ. ಅದಕ್ಕ ಸಿಟ್ಟಿಲ್ರಿ. ಬೇಲಿ ಒಳಗ ಏನು ನಡದದ ಅಂತ ಹುಡುಗರಿಗೆಲ್ಲ ಹೇಳೀರಿ. ದೇವದುರ್ಗದಿಂದ ಬಂದೋರಿಗೆ ಹೇಳೀರಿ. ರಾಯಚೂರಿಗೆ ಹೋಗಿ ಹೇಳಿ ಬಂದ್ರಿ. ನಾ ಹತ್ತು ಹೆಜ್ಜಿ ಮ್ಯಾಲೆ ಇದ್ದೆ. ನನಗ ಒಂದಿನ ಹೇಳೀರೇನು?”

ಹುಲಿಗೆಮ್ಮ ಬಿಡಿಸಿದ ಎಲೆಗಳನ್ನು ಒಂದು ಕಡೆ ಸರಿಸಿದಳು.

“ನನ್ನ ಸಾರು ಚಲೋ ಅದ ಅಂತ ದಿನಾ ಪುಸ್ತಕದಾಗ ಬರೀತೀರಂತ. ಹುಡುಗರು ಓದಿ ಹೇಳ್ಯಾರ. ಬಾಯಿಲೆ ಒಂದಿನ ಅಂದೀರೇನು?”

ಅಕ್ಕೋರು ಹೆಗಲಿನ ಬ್ಯಾಗು ಕೆಳಗಿಟ್ಟರು. ಆಮೇಲೆ ಕಟ್ಟೆಯ ಕೆಳಗೆ ನೆಲದ ಮೇಲೆಯೇ ಕೂತರು. ಪುಂಡಿಪಲ್ಲೆಯ ಅರ್ಧ ರಾಶಿ ತಮ್ಮ ಮುಂದೆ ಎಳೆದುಕೊಂಡು ಬಿಡಿಸುತ್ತ ಹೇಳಲು ಶುರು ಮಾಡಿದರು. ಬಿಸಿಲಿಗೆ ಕಲ್ಲು ಬಿರಿಯುವುದು, ಬಿರಿದಲ್ಲಿ ಪಾಚಿ ಹಿಡಿಯುವುದು, ಪಾಚಿಯ ಹುಳಿ ಕಲ್ಲನ್ನು ತಿನ್ನುವುದು, ಸತ್ತ ಪಾಚಿ ಕಲ್ಲಿನ ಪುಡಿಯ ಜೊತೆ ಕೂಡಿ ಮಣ್ಣಾಗುವುದು, ಆ ಮಣ್ಣಿಗೆ ಹುಲ್ಲು ಬಂದು ಬೇರಿಳಿಸಿ ಕಲ್ಲನ್ನು ಇನ್ನಷ್ಟು ಬಿರಿಸುವುದು. ನಾನು ಆ ಪಾಠವನ್ನು ಎಷ್ಟೋ ಸಲ ಕೇಳಿದ್ದೆ. ಅಷ್ಟು ಚೆನ್ನಾಗಿ ಹೇಳಿದ್ದನ್ನು ಅಂದೇ ಕೇಳಿದ್ದು.

“ಅದರಾಗ ಒಂದು ತಪ್ಪದ್ರಿ” ಎಂದಳು ಹುಲಿಗೆಮ್ಮ.

“ಏನು?”

“ಗರಿಕಿ ಬರೋಕಿಂತ ಮೊದಲು ಅಲ್ಲಿ ಇರುವಿ ಬಂದವು. ಕಲ್ಲಿನ ಸೀಳಿನ ಒಳಗಿಂದ ಕೆಂಪು ಮಣ್ಣು ಒಂದೊಂದ ಕಾಳು ಹೊತ್ತು ತಂದು ಮ್ಯಾಲೆ ಸುರುವಿದ್ವು. ಅವು ಎಲ್ಲಿ ಸುರುವಿದ್ವೋ ಅಲ್ಲೇ ಗರಿಕಿ ಹುಟ್ಟಿದ್ದು. ನೀವು ನೋಡಿಲ್ಲ. ಬ್ಯಾಸಗಿ ಸೂಟಿ ಇತ್ತು, ರಾಯಚೂರಾಗ ಇದ್ರಿ.”

ಅಕ್ಕೋರು ಕೈಯಲ್ಲಿದ್ದ ಎಲೆ ಕೆಳಗಿಟ್ಟರು. ಅವರ ನೋಟ್‌ಬುಕ್ಕಿನಲ್ಲಿ ಪ್ರತಿ ವರ್ಷ ಏಪ್ರಿಲ್, ಮೇ ಖಾಲಿ. ಭಾನುವಾರಗಳು ಖಾಲಿ. ಹಬ್ಬಗಳು ಖಾಲಿ. ಹುಲಿಗೆಮ್ಮ ಮಾತ್ರ ಎಲ್ಲಿಗೂ ಹೋಗಿರಲಿಲ್ಲ.

“ಇನ್ನೊಂದು ಹೇಳ್ತೀನಿ ಕೇಳ್ರಿ. ನನ್ನ ತವರುಮನಿ ಬಾಗಲವಾಡ. ನಮ್ಮಪ್ಪನ ಹೊಲಕ್ಕ ಕಾಲುವಿ ನೀರು ಬಂತು, ಭತ್ತ ಹಾಕಿದ್ವಿ. ಆಮ್ಯಾಲೆ ಮಣ್ಣು ಬೆಳ್ಳಗಾತು. ಮಣ್ಣು ಕೆಟ್ಟು ಹುಳಾ ಹೋದವು ಅಂತ ಎಲ್ಲಾರೂ ಅಂತಾರ. ನಾ ಸಸಿ ಹಚ್ಚಾಕ ಬಗ್ಗಿದಾಕಿ, ನನ್ನ ಕೈಗೆ ಗೊತ್ತದ. ಎರಿಹುಳಾ ಮೊದಲು ಕಾಣದಂಗ ಆದ್ವು. ಆಮ್ಯಾಲೆ ಕೊಕ್ಕರಿ ಬರೋದು ಬಿಟ್ವು. ಮಣ್ಣು ಬೆಳ್ಳಗಾದದ್ದು ಕಡೀಕ. ಹುಳಾ ಹೋಗಿ ಮಣ್ಣು ಕೆಟ್ಟದ್ರಿ.”

ಎರೆಹುಳು, ಕೊಕ್ಕರೆ, ಮಣ್ಣು ಎಂದು ಅಕ್ಕೋರು ಬೆರಳು ಮಡಚಿ ಎಣಿಸಿದರು. ನಂತರ, “ಇದು ನನಗ ಗೊತ್ತಿರಲಿಲ್ಲ” ಎಂದರು. ಅವರ ಬಾಯಿಂದ ಆ ವಾಕ್ಯ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬ್ಯಾಗಿನಿಂದ ನೋಟ್‌ಬುಕ್ ತೆಗೆದು, “ಇರುವಿ ಬಂದದ್ದು ಯಾವ ತಿಂಗಳು? ನಿದಾನಕ ಹೇಳ್ರಿ” ಎಂದು ಬರೆಯಲು ಕೂತರು. ಆ ಸಂಜೆಯ ಕೊನೆಯ ಬಸ್ಸೂ ತಪ್ಪುವುದರಲ್ಲಿತ್ತು.

ಮುಂದಿನ ವಾರ ಬಂಡೆಯ ಇನ್ನೊಂದು ಮೂಲೆಯನ್ನು ಇಬ್ಬರೂ ಕೂಡಿ ತಿಕ್ಕಿ ತೊಳೆದರು. ಹೊಸ ಬೇಲಿ, ಹೊಸ ಮೊಳೆ. ಹಳೆಯ ಬೇಲಿಯೊಳಗೆ ಸುತ್ತೋಲೆಯ ಪ್ರಕಾರ ಅಡುಗೆಯ ಕಸ ಬೀಳತೊಡಗಿತು. ನೋಡಲು ಬಂದವರು ಅದನ್ನೇ ನೋಡಿ ಮೆಚ್ಚಿ ಹೋಗುತ್ತಿದ್ದರು. ಹೊಸ ಬೇಲಿಯ ಹತ್ತಿರ ಹುಲಿಗೆಮ್ಮ ಯಾರನ್ನೂ ಸುಳಿಯಗೊಡುತ್ತಿರಲಿಲ್ಲ. ಒಮ್ಮೆ ಒಳಗೆ ಉಗುಳಿದ ಹೆಡ್ ಮಾಸ್ಟರಿಗೇ ಚೆನ್ನಾಗಿ ಬೈದಳು. ನೋಟ್‌ಬುಕ್ಕಿನ ಅರ್ಧಕ್ಕರ್ಧ ಸಾಲುಗಳ ಮುಂದೆ ಈಗ ‘ಹು. ಹೇಳಿದ್ದು’ ಎಂದಿರುತ್ತಿತ್ತು. ಅಕ್ಕೋರು ದಿನಾ ಸಾರಿನ ರುಚಿಯನ್ನು ಬಾಯಿಂದಲೂ ಹೇಳತೊಡಗಿದರು. ಹೇಳತೊಡಗಿದ ಮೇಲೆ ಹುಲಿಗೆಮ್ಮನಿಗೆ ಅದರಿಂದ ಅಂಥ ಸುಖವೇನೂ ಆಗಲಿಲ್ಲ. ಉಪ್ಪು ಸ್ವಲ್ಪ ಮುಂದು, ಹುಳಿ ಸ್ವಲ್ಪ ಹಿಂದು ಎಂದು ಅವರು ನಿಜವನ್ನೇ ಹೇಳುತ್ತಿದ್ದರು.

ಎರಡು ವರ್ಷದ ಮೇಲೆ ಅಕ್ಕೋರು ನಿವೃತ್ತರಾದರು. ಆದರೂ ತಿಂಗಳಿಗೊಂದು ಸೋಮವಾರ ರಾಯಚೂರಿನಿಂದ ಬಸ್ಸಿಗೆ ಬಂದು, ಬೇಲಿ ನೋಡಿ, ಹುಲಿಗೆಮ್ಮ ಹೇಳಿದ್ದನ್ನು ಬರೆದುಕೊಂಡು ಹೋಗುತ್ತಿದ್ದರು. ಈ ಮಳೆಗಾಲ ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಕೂತವರು ಹಾಗೇ ಒರಗಿದರಂತೆ. ಸುದ್ದಿ ಬಂದಾಗ ನಾನೂ ಹುಲಿಗೆಮ್ಮನೂ ರಾಯಚೂರಿಗೆ ಹೋದೆವು. ನಾವು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹುಲಿಗೆಮ್ಮ ಪಡಸಾಲೆಯ ಒಂದು ಮೂಲೆಯಲ್ಲಿ ಗೋಡೆಗೆ ಒರಗಿ ಕೂತಳು. ಬಂಧುಗಳ ಪೈಕಿ ಒಬ್ಬ ಹಿರಿಯ ಹೆಂಗಸು ಕೇಳಿದರು:

“ನೀವು ಯಾರ‍್ರೀ?”

“ಅವರ ಜೋಡಿ ಕೆಲಸ ಮಾಡ್ತಿದ್ದೆ.”

“ಟೀಚರೇನ್ರಿ? ಯಾವ ಸಬ್ಜೆಕ್ಟು?”

ಹುಲಿಗೆಮ್ಮ ಸ್ವಲ್ಪ ಯೋಚಿಸಿದಳು. “ನೆಲದ್ದು” ಎಂದಳು.

ಆ ಹೆಂಗಸು ಭೂಗೋಳವೆಂದು ತಿಳಿದು ಗೌರವದಿಂದ ತಲೆಯಾಡಿಸಿದರು. ನಾನು ತಿದ್ದಲಿಲ್ಲ.

ಒಂದು ತಿಂಗಳು ಕಳೆದಿರಬೇಕು. ಶಾಲೆಗೆ ಹೊಸ ಅಡುಗೆ ಕೋಣೆ ಮಂಜೂರಾಯಿತು. ಹುಲಿಗೆಮ್ಮ ವರ್ಷಗಳಿಂದ ಬೇಡಿದ್ದು ಅದನ್ನೇ. ಈಗಿರುವ ಕೋಣೆಯಲ್ಲಿ ಹೊಗೆ ಹೋಗಲು ಕಿಂಡಿಯಿಲ್ಲ. ಮಧ್ಯಾಹ್ನದ ಹೊತ್ತಿಗೆ ಆಕೆಯ ಕಣ್ಣುಗಳು ಕೆಂಡವಾಗಿರುತ್ತವೆ. ಜಾಗ ನೋಡಲು ಒಬ್ಬ ತರುಣ ಎಂಜಿನಿಯರು ಬಂದರು. ಅಂಗಳವೆಲ್ಲ ಸುತ್ತಿ, ಬಂಡೆಯ ಹತ್ತಿರ ಬಂದು ಅವರಿಗೆ ಬಹಳ ಖುಷಿಯಾಯಿತು. ಹೊಸ ಬೇಲಿಯ ಮುಳ್ಳನ್ನು ಕೋಲಿನಿಂದ ಸರಿಸಿ ಒಂದು ಕಾಲು ಒಳಗಿಟ್ಟು ನಿಂತರು.

“ಇಲ್ಲೇ ಕಟ್ಟೋಣ. ಪಾಯ ತೋಡೋ ಕೆಲಸಾನೇ ಇಲ್ಲ. ನಲ್ಲಿನೂ ಹತ್ರ. ನಿಮಗೇ ಅನುಕೂಲ ಅಲ್ವಾ ಅಮ್ಮಾ?”

ಹೆಡ್ ಮಾಸ್ಟರು ಹೌದು ಹೌದು ಎಂದರು. ಹುಲಿಗೆಮ್ಮ ಅಡುಗೆ ಕೋಣೆಯ ಬಾಗಿಲಿನಿಂದ ಇಳಿದು ಬಂದಳು. ಕಣ್ಣಲ್ಲಿ ಹೊಗೆಯ ನೀರು.

“ಆ ಕಡೆ ಗೇಟಿನ ಬಾಜೂ ಕಟ್ರಿ ಸಾಹೇಬ್ರ.”

“ಅಲ್ಲಿಗೆ ದಿನಾ ಇಲ್ಲಿಂದ ನೀರು ಹೊರಬೇಕಾಗುತ್ತೆ ನೀವು.”

“ಹೊರ್ತೀನ್ರಿ.”

“ಯಾಕಮ್ಮಾ? ಇಲ್ಲೇನಿದೆ? ಬರಿ ಬಂಡೆ.” ಅವರು ಕೆಳಗೆ ನೋಡಿದರು. ಎರಡು ಕಪ್ಪು ಕಲೆ, ಬಿರುಕಿನಲ್ಲಿ ಉಗುರಿನಷ್ಟು ಪಾಚಿ, ಇರುವೆಯ ಒಂದು ಸಾಲು.

“ಮೊದಲು ಕಾಲು ತಗೀರಿ” ಎಂದಳು ಹುಲಿಗೆಮ್ಮ. “ಅಲ್ಲಿ ನೆಲ ಇನ್ನಾ ಆಗಾಕತ್ತದ.”